ನಕಾಶೆ ಕಂಡ ದಾರಿ

ಆ ಗಡಿಯಾರ ಕೈಗೆ ಬಂದ ಮೊದಲ ದಿನವೇ ನಾನು ಅದರ ತಪ್ಪು ಹಿಡಿದೆ. ಹಾಸನದ ಸ್ಟೇಡಿಯಂನಲ್ಲಿ ಓಟದ ಪಟ್ಟಿಯ ಒಳಗೆರೆ ಹಿಡಿದು ಒಂದು ಸುತ್ತು ಬಂದರೆ ನಾನೂರು ಮೀಟರ್ ಎಂದು ಅಲ್ಲಿ ಓಡುವ ಮಕ್ಕಳಿಗೂ ಗೊತ್ತು. ಗಡಿಯಾರ ನಾನೂರ ಹದಿನೆಂಟು ಎಂದಿತು. ಮಾರನೆಯ ಬೆಳಿಗ್ಗೆ ಟೇಪು ತೆಗೆದುಕೊಂಡು ಹೋಗಿ, ವಾಕಿಂಗ್ ಬಂದವರೆಲ್ಲ ನಿಂತು ನೋಡುತ್ತಿರುವಾಗಲೇ ಬಗ್ಗಿ ಬಗ್ಗಿ ಪಟ್ಟಿ ಅಳೆದೆ. ನಾನೂರೇ. ನನ್ನ ಕೈಕೆಳಗಿನ ನೌಕರನಾಗಿದ್ದರೆ ಹದಿನೆಂಟು ಮೀಟರಿಗೆ ಮೆಮೊ ಕೊಡುತ್ತಿದ್ದೆ.

ನಾನು ಸರ್ವೆಯರ್ ಆಗಿದ್ದವನು. ಹೊಳೆನರಸೀಪುರ, ಚನ್ನರಾಯಪಟ್ಟಣ, ಅರಕಲಗೂಡು ಎಂದು ತಾಲ್ಲೂಕಿನಿಂದ ತಾಲ್ಲೂಕಿಗೆ ವರ್ಗವಾಗುತ್ತ, ಊರವರ ಹೊಲಗದ್ದೆಗಳನ್ನೆಲ್ಲ ಅಳೆದು, ಕೊನೆಗೆ ಹಾಸನದಲ್ಲಿ ನಿವೃತ್ತನಾದೆ. ನನಗೆ ಸ್ವಂತಕ್ಕೆ ಒಂದು ಗುಂಟೆ ಜಮೀನೂ ಇಲ್ಲ. ಮದುವೆಯೂ ಇಲ್ಲ. ಒಮ್ಮೆ ಶಾಂತಿಗ್ರಾಮದ ಹತ್ತಿರ ಹೆಣ್ಣು ನೋಡಲು ಹೋಗಿದ್ದೆ. ಹೆಣ್ಣಿನ ತಂದೆ ತಮ್ಮ ಹಿತ್ತಲು ಅರವತ್ತು ಅಡಿ ಅಗಲ ಎಂದು ಹೇಳಿಕೊಂಡರು. ನಾನು ಕಿಟಕಿಯಿಂದ ಒಂದು ಸಲ ಕಣ್ಣು ಹಾಯಿಸಿ, ಐವತ್ತೆರಡರ ಮೇಲೆ ಬರುವುದಿಲ್ಲ ಎಂದೆ. ಕಾಫಿ ಬಂತು, ಹೆಣ್ಣು ಬರಲಿಲ್ಲ. ಇದು ನನ್ನ ಸ್ವಭಾವ, ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ ಎನ್ನುತ್ತಾರಲ್ಲ ಹಾಗೆ. ಆಗ ಅಕ್ಕ ಬೈದಿದ್ದು ಇನ್ನೂ ಕಿವಿಯಲ್ಲಿದೆ. ಹೆಣ್ಣು ನೋಡು ಅಂದರೆ ಹಿತ್ತಲು ನೋಡಿ ಬಂದನಲ್ಲ ಎಂದು ವಾರವಿಡೀ ಗೊಣಗಿದಳು.

ಗಡಿಯಾರ ಕೊಟ್ಟಿದ್ದು ಆ ಅಕ್ಕನ ಮಗಳು, ನನ್ನ ಸೋದರಸೊಸೆ. ಹಾಸನದ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್ ಆಗಿದ್ದಳು, ಹುಡುಗಿಯರಿಗೆ ದೂರದ ಓಟ ಕಲಿಸುತ್ತಿದ್ದಳು. ಅವಳಿಗೆ ಹೊಸದೊಂದು ಬಂದಿತ್ತು, ಹಳೆಯದನ್ನು ನನ್ನ ಕೈಗೆ ಕಟ್ಟಿದಳು. ಅದಕ್ಕೆ ಕಾರಣವಿತ್ತು. ನನಗೆ ಸಕ್ಕರೆ ಕಾಯಿಲೆ, ಡಾಕ್ಟರು ದಿನಾ ಒಂದು ಗಂಟೆ ನಡೆಯಿರಿ ಎಂದಿದ್ದರು, ನಾನು ನಡೆಯುತ್ತಿದ್ದೇನೆ ಎನ್ನುತ್ತಿದ್ದೆ, ಅವಳು ನಂಬುತ್ತಿರಲಿಲ್ಲ. ಇದನ್ನು ಕಟ್ಟಿಕೊಂಡರೆ ನೀನು ಎಲ್ಲಿ ಹೋದೆ, ಎಷ್ಟು ನಡೆದೆ, ಎಲ್ಲಿ ನಿಂತೆ ಎಲ್ಲ ಗೊತ್ತಾಗುತ್ತೆ ಮಾವ, ಇನ್ನು ಸುಳ್ಳು ನಡೆಯಲ್ಲ ಎಂದಳು. ಸರ್ಕಾರಿ ನೌಕರಿಯಲ್ಲೇ ಇಂಥ ಹಾಜರಾತಿ ನಾನು ಕಂಡಿರಲಿಲ್ಲ.

ಬೆಂಕಿಪೊಟ್ಟಣದಷ್ಟು ದಪ್ಪದ ಗಡಿಯಾರ ಅದು. ಮನೆಯಿಂದ ಹೊರಗೆ ಬಂದು, ಆಕಾಶ ಚೆನ್ನಾಗಿ ಕಾಣುವ ಕಡೆ ಕೈ ಎತ್ತಿ ನಾಲ್ಕೈದು ನಿಮಿಷ ನಿಲ್ಲಬೇಕು. ಮೇಲೆ ತಿರುಗುವ ಉಪಗ್ರಹಗಳು ಅದಕ್ಕೆ ಸಿಕ್ಕಬೇಕು. ಎದುರುಮನೆಯ ಅಜ್ಜಿ ನನ್ನನ್ನು ನೋಡಿ, ಮೇಷ್ಟರು ದಿನಾ ಸೂರ್ಯನಿಗೆ ಕೈ ಮುಗಿಯುತ್ತಾರೆ, ಒಂದೇ ಕೈಯಲ್ಲಿ ಎಂದಿದ್ದಳಂತೆ. ನಾನು ಮೇಷ್ಟರಲ್ಲ ಎಂದು ಅವಳಿಗೆ ಎಷ್ಟು ಸಲ ಹೇಳಿದರೂ ತಲೆಗೆ ಹೋಗಲಿಲ್ಲ. ಉಪಗ್ರಹ ಸಿಕ್ಕ ಮೇಲೆ ಗಡಿಯಾರ ಕೆಲವು ಸೆಕೆಂಡಿಗೊಂದು ಸಲ ನಾವಿರುವ ಜಾಗದಲ್ಲಿ ಒಂದು ಚುಕ್ಕಿ ಇಡುತ್ತ ಹೋಗುತ್ತದೆ. ಭಾನುವಾರ ಸೊಸೆಯ ಮನೆಗೆ ಊಟಕ್ಕೆ ಹೋದಾಗ ಅವಳು ಅದನ್ನು ವೈರಿನಲ್ಲಿ ಕಂಪ್ಯೂಟರಿಗೆ ಸಿಕ್ಕಿಸುತ್ತಿದ್ದಳು. ಚುಕ್ಕಿಗಳೆಲ್ಲ ಸೇರಿ ಪರದೆಯ ಮೇಲೆ ಕೆಂಪು ಗೆರೆಯಾಗಿ ಬರುತ್ತಿದ್ದವು. ಆಗಿನ ಕಂಪ್ಯೂಟರ್ ನಕ್ಷೆಯಲ್ಲಿ ಹಾಸನದ ದೊಡ್ಡ ರಸ್ತೆಗಳು ಮಾತ್ರ ಇದ್ದವು. ಮಿಕ್ಕಿದ್ದೆಲ್ಲ ಖಾಲಿ. ಆ ಖಾಲಿಯಲ್ಲಿ ನನ್ನ ಕೆಂಪು ಗೆರೆ ಒಂದೇ ಓಡಾಡುತ್ತಿತ್ತು.

ಹದಿನೆಂಟು ಮೀಟರಿನ ತಪ್ಪಿದ್ದರೂ ನನಗೆ ಅದರ ಮೇಲೆ ಗೌರವ ಬಂತು. ಚುಕ್ಕಿ ಇಡು, ಚುಕ್ಕಿ ಸೇರಿಸು, ಗೆರೆ ಎಳಿ. ನಾನು ಸರ್ವೀಸಿನುದ್ದಕ್ಕೂ ಮಾಡಿದ್ದು ಅದನ್ನೇ. ಒಂದೇ ವ್ಯತ್ಯಾಸ. ಅದು ಕಾಲಿಟ್ಟ ಜಾಗವನ್ನೆಲ್ಲ ಬರೆಯುತ್ತಿತ್ತು, ಯಾವುದನ್ನೂ ಬಿಡುತ್ತಿರಲಿಲ್ಲ. ನಾನು ಒಂದು ಸಲ ಬಿಟ್ಟಿದ್ದೆ. ಆ ಕತೆ ಹೇಳದೆ ಮುಂದೆ ಹೋಗುವ ಹಾಗಿಲ್ಲ.

ನಮ್ಮ ತಾಯಿ ಬೇಗ ಹೋದರು. ನನ್ನನ್ನು ಸಾಕಿದವಳು ಅಕ್ಕ. ಅವಳನ್ನು ಕೊಟ್ಟಿದ್ದು ಹೊಳೆನರಸೀಪುರದಿಂದ ಅರಕಲಗೂಡಿಗೆ ಹೋಗುವ ರಸ್ತೆಯ ಕಡೆಯ ಒಂದು ಹಳ್ಳಿಗೆ. ಮನೆ ಊರೊಳಗಿರಲಿಲ್ಲ, ಹೊಲದಲ್ಲಿತ್ತು. ಬಸ್ಸು ಇಳಿದು, ಪಕ್ಕದ ಹೊಲದವನ ಜಮೀನಿನ ಅಂಚಿನಲ್ಲಿ ಒಂದು ಕಾಲುದಾರಿ ಹಿಡಿದರೆ ಮೂವತ್ತು ಚೈನು, ಅಂದರೆ ಮುನ್ನೂರು ಮೀಟರ್. ದಾರಿಯ ನಡುವೆ ಒಂದು ಹೊಂಗೆ ಮರ. ದಾರಿ ಅದರ ಬಲಕ್ಕೆ ಬಳಸಿಕೊಂಡು ಹೋಗಿ ಮತ್ತೆ ನೇರವಾಗುತ್ತಿತ್ತು. ಭಾವ ತೀರಿಕೊಂಡ ಮೇಲೆ ಅಕ್ಕ ಹಸು ಸಾಕಿ, ರಾಗಿ ಬೆಳೆದು, ಒಬ್ಬಳೇ ಮಗಳನ್ನು ಸಾಕುತ್ತಿದ್ದಳು. ನಾನು ಹೊಳೆನರಸೀಪುರದಲ್ಲಿ ಕೆಲಸದಲ್ಲಿದ್ದ ಕಾಲದಲ್ಲಿ ಶನಿವಾರ ಸಂಜೆ ಆ ದಾರಿ ಹಿಡಿದರೆ ಸೋಮವಾರ ಬೆಳಿಗ್ಗೆ ವಾಪಸ್ಸು. ಜಗಲಿಯ ಮೇಲೆ ಕೂತು ಅಕ್ಕನಿಗೆ ನಕಾಶೆ ಬಿಚ್ಚಿ ತೋರಿಸುತ್ತಿದ್ದೆ. ಅವಳಿಗೆ ಅಕ್ಷರ ಬರುತ್ತಿರಲಿಲ್ಲ, ಗೆರೆಗಳು ತಿಳಿಯುತ್ತಿದ್ದವು. ಉದ್ದ ಗೆರೆ ಎಲ್ಲೆ, ಸಣ್ಣ ತ್ರಿಕೋನ ಕಲ್ಲು, ಚುಕ್ಕಿ ಗೆರೆ ಕಾಲುದಾರಿ ಎಂದು ನಾನೇ ಹೇಳಿಕೊಟ್ಟಿದ್ದೆ.

ತೊಂಬತ್ತರ ದಶಕ ಶುರುವಾದ ಹೊಸದರಲ್ಲಿ ಆ ಪಕ್ಕದ ಹೊಲದವನು ತನ್ನ ಜಮೀನಿನ ಎಲ್ಲೆ ಗುರುತಿಸಿ ಕಲ್ಲು ನೆಟ್ಟುಕೊಡಿ ಎಂದು ಅರ್ಜಿ ಹಾಕಿದ. ಹದ್ದುಬಸ್ತು ಎನ್ನುತ್ತೇವೆ ನಾವು ಅದಕ್ಕೆ. ಅಕ್ಕನ ಪಕ್ಕದ ಜಮೀನು, ಬೇರೆಯವರನ್ನು ಕಳಿಸಿ ಎಂದು ನಾನು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಹೇಳಲಿಲ್ಲ. ಅಕ್ಕನಾದರೇನು, ದೇವರಾದರೇನು, ನನ್ನ ಚೈನಿಗೆ ಎಲ್ಲರೂ ಒಂದೇ ಎಂಬ ಜಂಬ ನನಗೆ. ಹೋದ ಕೂಡಲೇ ಅರ್ಜಿದಾರ ಎಳನೀರು ಕೆತ್ತಿಸಿ ಕೊಡುತ್ತ, ಊರಿನ ನಾಲ್ಕು ಜನರ ಮುಂದೆ ನಗುನಗುತ್ತಲೇ, ಅಕ್ಕನ ಜಮೀನು ಪಕ್ಕದಲ್ಲೇ ಇದೆ, ಸಾಹೇಬರು ನ್ಯಾಯವಾಗಿಯೇ ಅಳೆಯುತ್ತಾರೆ ಬಿಡಿ ಎಂದ. ಆ ಮಾತು ನನಗೆ ಮುಳ್ಳಿನ ಹಾಗೆ ಚುಚ್ಚಿತು. ನಾನು ಎಳನೀರು ಕುಡಿಯಲಿಲ್ಲ. ಅಕ್ಕ ತಂದ ಮಜ್ಜಿಗೆಯನ್ನೂ ಮುಟ್ಟಲಿಲ್ಲ.

ಹಳೆಯ ಗ್ರಾಮನಕಾಶೆಯಲ್ಲಿ ಆ ಕಾಲುದಾರಿ ಇರಲಿಲ್ಲ. ನಿಜ. ನಕಾಶೆಯಲ್ಲಿ ಗುರುತಾದ ದಾರಿಯನ್ನು ನಕಾಶೆ ಕಂಡ ದಾರಿ ಎನ್ನುತ್ತೇವೆ, ಅದನ್ನು ಯಾರೂ ಮುಚ್ಚುವ ಹಾಗಿಲ್ಲ. ಗುರುತಾಗದೆ ಜನ ನಡೆದೂ ನಡೆದೂ ಆದದ್ದು ರೂಢಿ ದಾರಿ. ಅದು ಕಣ್ಣಿಗೆ ಕಂಡರೆ ಸ್ಕೆಚ್ಚಿನಲ್ಲಿ ಚುಕ್ಕಿ ಗೆರೆ ಹಾಕಿ, ಷರಾದಲ್ಲಿ ಸ್ಥಳದಲ್ಲಿ ಕಾಲುದಾರಿ ಇರುತ್ತದೆ ಎಂದು ಒಂದು ಸಾಲು ಬರೆಯಬೇಕು. ಬೇರೆ ಯಾರ ಹೊಲವಾಗಿದ್ದರೂ ಬರೆಯುತ್ತಿದ್ದೆ. ಎಷ್ಟೋ ಕಡೆ ಬರೆದಿದ್ದೇನೆ. ಅವತ್ತು ಬರೆದರೆ ಅಕ್ಕನಿಗೋಸ್ಕರ ಬರೆದ ಎಂದು ಆ ನಾಲ್ಕು ಜನ ಆಡಿಕೊಳ್ಳುತ್ತಾರೆ ಎಂದು ಹೆದರಿದೆ. ನಕಾಶೆ ಕಂಡ ದಾರಿ ಇರುವುದಿಲ್ಲ ಎಂದು ಬರೆದು ಸಹಿ ಹಾಕಿದೆ. ಬರೆದಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಆದರೂ ಅದು ಸುಳ್ಳೇ. ಹಾಗೆ ಬರೆಯುವಾಗ ಆ ದಾರಿಯ ಮಣ್ಣು ನನ್ನ ಚಪ್ಪಲಿಗೆ ಅಂಟಿಕೊಂಡಿತ್ತು.

ಪಕ್ಕದ ಹಿಡುವಳಿದಾರಳೆಂದು ಅಕ್ಕನೂ ಹೆಬ್ಬೆಟ್ಟು ಒತ್ತಬೇಕಿತ್ತು. ಒತ್ತಿ, ಸ್ಕೆಚ್ಚಿನ ಕಾರ್ಬನ್ ಪ್ರತಿಯನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದಳು.

"ಚುಕ್ಕಿ ಗೆರೆ ಎಲ್ಲೋಯ್ತಪ್ಪ?"

"ನಕಾಶೇಲಿ ಇಲ್ಲ ಅಕ್ಕ."

"ನಕಾಶೇಲಿ ಇಲ್ದಿದ್ರೆ ಓಗ್ಲಿ. ಇಷ್ಟ್ ವರ್ಸ ನೀನು ಎಲ್ಲಿಂದ ಬಂದು ನಮ್ಮನೇಲಿ ಉಣ್ತಿದ್ದೆ? ಆಕಾಸದಿಂದ ಇಳೀತಿದ್ದಾ?"

ಎಲ್ಲರೂ ಕೇಳಿಸಿಕೊಂಡರು. ನಾನು ಚೈನು ಮಡಿಸುವುದರಲ್ಲಿ ತೊಡಗಿದವನಂತೆ ತಲೆ ಬಗ್ಗಿಸಿದೆ. ಅವಳು ಕಾಗದವನ್ನು ಸೆರಗಿಗೆ ಕಟ್ಟಿಕೊಂಡು, ಇನ್ನು ನಿನಗೂ ನಮಗೂ ಹೊಕ್ಕುಬಳಕೆ ಇಲ್ಲ ಎಂದು ಹೇಳಿ ಅದೇ ದಾರಿಯಲ್ಲಿ, ಆ ಹೊಂಗೆ ಮರ ಬಳಸಿಕೊಂಡು ಮನೆಗೆ ಹೋದಳು. ಹೊಕ್ಕುಬಳಕೆ ಎಂದರೆ ಮನೆಯೊಳಕ್ಕೆ ಬರುವುದು, ಹೋಗುವುದು, ಉಣ್ಣುವುದು, ಎಲ್ಲವೂ. ಹದಿನೈದು ದಿನದಲ್ಲಿ ಅವನು ಮುಳ್ಳುಬೇಲಿ ಹಾಕಿದ. ಮರ ಅವನ ಜಮೀನಿನಲ್ಲೇ ಇತ್ತು, ಅದನ್ನೂ ಕಡಿದ. ಮನೆಗೆ ಹೊಕ್ಕುಬಳಕೆ ಇಲ್ಲ ಎಂದವಳು ಸುಮ್ಮನೆ ಎಂದಿರಲಿಲ್ಲ. ನಾನು ಬರೆದ ಕಾಗದಗಳು ವಾಪಸ್ಸು ಬಂದವು. ಮನೆಗೆ ಮಾರಿ, ಊರಿಗೆ ಉಪಕಾರಿ ಎಂಬುದನ್ನು ನನ್ನನ್ನು ನೋಡಿಯೇ ಮಾಡಿದ್ದಾರೆ.

ಆಮೇಲೆ ನನಗೆ ಚನ್ನರಾಯಪಟ್ಟಣಕ್ಕೆ ವರ್ಗವಾಯಿತು, ಅಲ್ಲಿಂದ ಅರಕಲಗೂಡಿಗೆ, ಅಲ್ಲಿಂದ ಹಾಸನಕ್ಕೆ. ಅರಕಲಗೂಡಿನಲ್ಲಿದ್ದಾಗ ಕೆಲಸದ ಮೇಲೆ ಬಸ್ಸಿನಲ್ಲಿ ಎಷ್ಟೋ ಸಲ ಅವಳ ಊರಿನ ಮುಂದೆಯೇ ಹಾದು ಹೋದೆ. ಇಳಿಯಲಿಲ್ಲ. ಹಟವೂ ಇತ್ತು, ನಾಚಿಕೆಯೂ ಇತ್ತು. ಎರಡೂ ಸೇರಿದರೆ ಮನುಷ್ಯನನ್ನು ಸೀಟಿನಿಂದ ಏಳಲು ಬಿಡುವುದಿಲ್ಲ. ಸೊಸೆಯ ಮದುವೆಗೂ ನನ್ನನ್ನು ಕರೆಯಲಿಲ್ಲ. ಹುಡುಗಿಯೇ ಕದ್ದುಮುಚ್ಚಿ ಕಾರ್ಡು ತಂದು ಕೊಟ್ಟು, ಬಾ ಮಾವ ಎಂದಿದ್ದಳು. ನಮ್ಮಲ್ಲಿ ಹೆಣ್ಣನ್ನು ಹಸೆಗೆ ಕರೆತರಬೇಕಾದವನು ಸೋದರಮಾವ. ಕರೆಯದೆ ಹೋಗುವುದು ಹೇಗೆ? ಅವತ್ತು ಹಿರೀಸಾವೆಯ ಕಡೆ ಯಾವುದೋ ಹಳೆಯ ಸ್ನೇಹಿತನ ತೋಟಕ್ಕೆ ಹೋಗಿ, ಯಾರೂ ಕೇಳದಿದ್ದರೂ ಅವನ ತೆಂಗಿನ ಸಾಲು ಅಳೆದುಕೊಟ್ಟು ಬಂದೆ. ಹುಡುಗಿಯನ್ನು ಹಸೆಗೆ ಕರೆತಂದವನು ದೂರದ ಯಾರೋ ದಾಯಾದಿ ಅಂತೆ.

ಅವಳು ಹಾಸನಕ್ಕೆ ಬಂದು ಕೆಲಸಕ್ಕೆ ಸೇರಿದ ಮೇಲೆ ಭಾನುವಾರದ ಊಟಕ್ಕೆ ಕರೆಯತೊಡಗಿದಳು. ತಾಯಿಗೆ ಗೊತ್ತಿತ್ತು, ಬೇಡ ಎನ್ನಲಿಲ್ಲ, ಸರಿ ಎನ್ನಲೂ ಇಲ್ಲ. ಒಂದು ದಿನ ಸೊಸೆ ಬಡಿಸುತ್ತ ನನ್ನನ್ನು ಛೇಡಿಸಿದಳು. ಬೇಲಿ ಹಾಕಿದ ಮೇಲೆ ಬೆಳಿಗ್ಗೆ ಡೇರಿಗೆ ಹಾಲು ಕೊಡಲು ನಾಲೆಯ ಏರಿಯ ಮೇಲೆ ಬಳಸಿಕೊಂಡು ಹೋಗಬೇಕಿತ್ತಂತೆ, ತಡವಾದರೆ ಹಾಲು ತೆಗೆದುಕೊಳ್ಳುತ್ತಿರಲಿಲ್ಲವಂತೆ, ಕ್ಯಾನು ಹಿಡಿದು ಓಡೀ ಓಡೀ ಓಟಗಾರ್ತಿಯಾದಳಂತೆ. "ನೀನು ಅವತ್ತು ದಾರಿ ಬರ್ದಿದ್ರೆ ನಂಗೆ ಈ ಕೆಲ್ಸ ಸಿಗ್ತಿರ್ಲಿಲ್ಲ ಕಣ್ ಮಾವ" ಎಂದು ನಕ್ಕಳು. ನಾನೂ ನಕ್ಕೆ. ಮಜ್ಜಿಗೆ ಹಾಕಿಸಿಕೊಳ್ಳದೆ ಎದ್ದು ಕೈ ತೊಳೆದೆ.

ಗಡಿಯಾರ ಕಟ್ಟಿ ಒಂದು ತಿಂಗಳಾಗಿತ್ತೇನೋ. ಭಾನುವಾರ ಅವಳು ಕಂಪ್ಯೂಟರಿನ ಮುಂದೆ ಕೂತು ನನ್ನ ಅಷ್ಟೂ ದಿನಗಳ ಗೆರೆಗಳನ್ನು ಒಂದರ ಮೇಲೊಂದು ಹಾಕಿ ನೋಡುತ್ತಿದ್ದಳು. ಮನೆಯಿಂದ ಸಾಲಗಾಮೆ ರಸ್ತೆ, ಸ್ಟೇಡಿಯಂ, ಅಲ್ಲಿಂದ ಬಸ್ ಸ್ಟ್ಯಾಂಡ್, ವಾಪಸ್ಸು. ಬಸ್ ಸ್ಟ್ಯಾಂಡಿನಲ್ಲಿ ಮಾತ್ರ ಗೆರೆ ಸಿಕ್ಕುಸಿಕ್ಕಾಗಿ, ನೂಲಿನುಂಡೆ ಬಿದ್ದ ಹಾಗೆ ಒಂದು ಗಂಟಾಗಿತ್ತು. ನನಗೆ ಗಾಬರಿಯಾಯಿತು, ಗಡಿಯಾರ ಕೆಟ್ಟಿದೆ ಎಂದೆ. ಅವಳು ಇಲ್ಲ ಎಂದಳು. ನಾವು ಒಂದೇ ಕಡೆ ನಿಂತರೆ ಅದಕ್ಕೆ ನಿಂತದ್ದು ತಿಳಿಯುವುದಿಲ್ಲವಂತೆ. ಪ್ರತಿ ಸಲವೂ ಲೆಕ್ಕದಲ್ಲಿ ನಾಲ್ಕಡಿ ಆಚೆ ಈಚೆ ಆಗಿ, ನಿಂತವನ ಸುತ್ತಲೂ ಚುಕ್ಕಿ ಇಡುತ್ತ, ಅವನ್ನೇ ಸೇರಿಸುತ್ತ ಗಂಟು ಹಾಕುತ್ತದಂತೆ. ಗಂಟು ದೊಡ್ಡದಾದಷ್ಟೂ ನಿಂತ ಹೊತ್ತು ಹೆಚ್ಚು.

"ಇಲ್ಲಿ ದಿನಾ ನಲವತ್ತು ನಿಮಿಷ ಏನ್ ಮಾಡ್ತೀಯ ಮಾವ?"

ಪೇಪರು ಓದುತ್ತೇನೆ ಎಂದೆ. ಪೇಪರಿಗೆ ನಲವತ್ತು ನಿಮಿಷವಾ ಎಂದಳು. ಜಾಹೀರಾತನ್ನೂ ಓದುತ್ತೇನೆ ಎಂದೆ. ಅವಳು ಪರದೆಯ ಮೇಲೆ ಬೆರಳಿಟ್ಟು ಗಂಟೆ ನೋಡಿದಳು. ಗಂಟು ದಿನವೂ ಏಳು ಗಂಟೆಗೆ ಶುರುವಾಗಿ ಏಳು ನಲವತ್ತಕ್ಕೆ ಬಿಚ್ಚಿಕೊಳ್ಳುತ್ತಿತ್ತು.

"ಅವ್ವನ ಊರಿನ್ ಬಸ್ಸು ಏಳೂವರೆಗಲ್ವಾ?"

ಮೂವತ್ತು ವರ್ಷ ಬೇರೆಯವರ ಗುಟ್ಟುಗಳನ್ನು ಗೆರೆಯಲ್ಲಿ ಹಿಡಿದವನು ನಾನು. ಬೇಲಿ ಎಷ್ಟು ಸರಿಸಿದ್ದಾನೆ, ಕಲ್ಲು ಯಾವಾಗ ಕಿತ್ತು ನೆಟ್ಟಿದ್ದಾನೆ, ಎಲ್ಲ ಹೇಳುತ್ತಿದ್ದೆ. ಈಗ ನನ್ನದನ್ನು ಹೀಗೆ ಒಂದು ಹುಡುಗಿ ಓದಿಬಿಟ್ಟಳು. ಹೌದು, ನಾನು ದಿನಾ ಹೊಳೆನರಸೀಪುರದ ಬಸ್ಸುಗಳು ನಿಲ್ಲುವ ಕಡೆಯ ಕಲ್ಲುಬೆಂಚಿನ ಪಕ್ಕ ನಿಲ್ಲುತ್ತಿದ್ದೆ. ಆ ಕಡೆಯಿಂದ ಬಂದ ಬಸ್ಸು ಖಾಲಿಯಾಗುವುದನ್ನು ನೋಡುತ್ತಿದ್ದೆ. ಹೋಗುವ ಬಸ್ಸಿನ ಕಂಡಕ್ಟರು ಸ್ಟಾಪುಗಳ ಹೆಸರು ಕೂಗುವಾಗ ಅಕ್ಕನ ಊರಿನ ಹೆಸರು ಬರುತ್ತಿತ್ತು. ಅದನ್ನು ಕೇಳಿಸಿಕೊಂಡು ಮನೆಗೆ ಹೋಗುತ್ತಿದ್ದೆ. ದಿನದಲ್ಲಿ ಬೇರೆ ಯಾರ ದನಿಗೂ ನಾನು ಅಷ್ಟು ಕಿವಿಗೊಡುತ್ತಿರಲಿಲ್ಲ. ನಾನು ಒಂಟಿಯಾಗಿದ್ದೆ. ಇದನ್ನು ಸುತ್ತಿಬಳಸಿ ಹೇಳಲು ನನಗೆ ಬರುವುದಿಲ್ಲ.

ಸೊಸೆ ಕಂಪ್ಯೂಟರ್ ಆರಿಸಿದಳು. ಅನ್ನ ಬಡಿಸುವಾಗ, ನನ್ನ ಕಡೆ ನೋಡದೆ, ಅವ್ವನಿಗೆ ಮಂಡಿ ಆಗುತ್ತಿಲ್ಲ ಎಂದಳು. ಬಸ್ಸಿಳಿದು ಏರಿಯ ಮೇಲೆ ಬರುವಾಗ ಎರಡು ಕಡೆ ಕೂತು ಬರುತ್ತಾಳಂತೆ. ಇಲ್ಲಿಗೆ ಬಂದುಬಿಡು ಎಂದರೆ ಹಸು ಇದೆ ಎನ್ನುತ್ತಾಳಂತೆ. ಸೊಸೆ ಮತ್ತೆ ಅದರ ಸುದ್ದಿ ಎತ್ತಲಿಲ್ಲ.

ಮಂಗಳವಾರ ಬೆಳಿಗ್ಗೆ ಗಂಟು ಹಾಕುವ ಜಾಗದಲ್ಲಿ ನಿಂತಿದ್ದೆ. ಏಳೂವರೆಯ ಬಸ್ಸು ಬಂತು, ಕಂಡಕ್ಟರು ಕೂಗಿದ, ನಾನು ಹತ್ತಿದೆ. ಹೊಳೆನರಸೀಪುರ ದಾಟಿದ ಮೇಲೆ ಎರಡು ಸಲ ಇಳಿದುಬಿಡೋಣ ಅನ್ನಿಸಿತು. ಅಕ್ಕನ ಸ್ಟಾಪಿನಲ್ಲಿ ಇಳಿದಾಗ ಬೇರೆ ಯಾರೂ ಇಳಿಯಲಿಲ್ಲ. ಕೈ ಎತ್ತಿ ನಿಂತೆ, ಉಪಗ್ರಹ ಸಿಕ್ಕಿತು. ಎದುರಿಗೆ ಹಳೆಯ ಕಾಲುದಾರಿ ಇದ್ದ ಕಡೆ ಬೇಲಿ. ನಾನು ನಾಲೆಯ ಏರಿ ಹಿಡಿದೆ. ಅವಳು ಇಷ್ಟು ವರ್ಷ ನಡೆದದ್ದನ್ನು ಒಂದು ಸಲವಾದರೂ ನಡೆಯದೆ ಅವಳ ಮುಖ ನೋಡುವ ಧೈರ್ಯ ನನಗಿರಲಿಲ್ಲ. ಏರಿಯ ಮೇಲೆ ಒಂದು ಮೋರಿಯ ಕಟ್ಟೆ, ಇನ್ನಷ್ಟು ದೂರದಲ್ಲಿ ತೂಬಿನ ಕಲ್ಲು. ಕೂತೂ ಕೂತೂ ಎರಡೂ ನುಣ್ಣಗಾಗಿದ್ದವು. ನಾನೂ ಎರಡರ ಮೇಲೂ ಸ್ವಲ್ಪ ಹೊತ್ತು ಕೂತು ಎದ್ದೆ.

ಅಕ್ಕ ಜಗಲಿಯ ಮೇಲೆ ಕಾಲು ಚಾಚಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ತಲೆ ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ನೋಡಿದಳು, ಏಳಲಿಲ್ಲ, ಸುಲಿಯುವುದನ್ನೂ ನಿಲ್ಲಿಸಲಿಲ್ಲ. ನಾನು ಅಂಗಳದಲ್ಲೇ ನಿಂತೆ.

"ಯಾವ ದಾರೀಲಿ ಬಂದೆ?"

"ಏರಿ ಮ್ಯಾಲೆ ಬಳಸ್ಕಂಡು ಬಂದೆ ಅಕ್ಕ."

"ಎಷ್ಟಾಯ್ತು?"

ನಾನು ಅಳೆಯದೆ ಬರುವವನಲ್ಲ ಎಂದು ಅವಳಿಗೆ ಗೊತ್ತಿತ್ತು. ಗಡಿಯಾರ ನೋಡಿ, ಒಂದೂ ಮುಕ್ಕಾಲು ಕಿಲೋಮೀಟರು ಎಂದೆ.

"ನಂಗೆ ಲೆಕ್ಕ ಗೊತ್ತಿರ್ಲಿಲ್ಲ. ಮಂಡಿಗೆ ಗೊತ್ತಿತ್ತು" ಎಂದಳು.

ಬರೆಯಬೇಕಿತ್ತು, ಬರೆಯಲಿಲ್ಲ, ತಪ್ಪಾಯಿತು ಎಂದೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತುಗಳೆಲ್ಲ ಅಷ್ಟಕ್ಕೇ ಮುಗಿದವು. ಅವಳು ಒಂದಿಷ್ಟು ಕಾಯಿ ಸುಲಿದಳು. ಆಮೇಲೆ ಅದೇನು ಕೈಯಲ್ಲಿ ಎಂದಳು. ನಡೆದ ದಾರಿಯನ್ನು ಬರೆದುಕೊಳ್ಳುವ ಗಡಿಯಾರ, ನಿನ್ನ ಮಗಳು ಕೊಟ್ಟಿದ್ದು ಎಂದೆ. ಯಾರು ನಡೆದರೂ ಬರೆದುಕೊಳ್ಳುತ್ತದಾ ಎಂದು ಕೇಳಿದಳು. ಹೌದು ಎಂದೆ. ನಕಾಶೆಯಲ್ಲಿ ಇಲ್ಲದಿದ್ದರೂ? ಇಲ್ಲದಿದ್ದರೂ ಎಂದೆ. ಅವಳು ಮಡಿಲಿನ ಸಿಪ್ಪೆ ಕೊಡವಿ, ಗೋಡೆ ಹಿಡಿದು ಎದ್ದು, ಕೈ ಮುಂದೆ ಚಾಚಿದಳು. ಮಣಿಕಟ್ಟಿಗೆ ಗಡಿಯಾರ ಕಟ್ಟಿದೆ. ಅವಳ ಕೈ ಎಷ್ಟು ಸಣ್ಣಗಾಗಿತ್ತೆಂದರೆ ಪಟ್ಟಿಯ ಕೊನೆಯ ತೂತಿಗೂ ಸಡಿಲವಾಯಿತು.

ಪಕ್ಕದ ಹೊಲದವನು ತೀರಿಕೊಂಡು ಕೆಲವು ವರ್ಷವಾಗಿತ್ತು. ಜಮೀನು ಗುತ್ತಿಗೆಗೆ ಹೋಗಿತ್ತು. ಆಲೂಗೆಡ್ಡೆ ಕಿತ್ತು ಮುಗಿದು ಹೊಲ ಬೋಳಾಗಿ ಬಿದ್ದಿತ್ತು. ಮನೆಯ ಕಡೆಯ ಬೇಲಿ ಒಂದು ಕಡೆ ಕುಸಿದಿತ್ತು. ಅಕ್ಕ ಕೋಲೂರಿಕೊಂಡು ಅದನ್ನು ದಾಟಿ ಹೊಲಕ್ಕಿಳಿದಳು. ನಾನು ಹಿಂದೆ ನಡೆದೆ. ಉತ್ತು ಕಿತ್ತ ಮಣ್ಣಿನಲ್ಲಿ ದಾರಿಯ ಗುರುತು ಎಂಬುದೇ ಇರಲಿಲ್ಲ. ಆದರೂ ಅವಳು ಎಲ್ಲಿಯೂ ತಡೆಯದೆ, ಹುಡುಕದೆ, ಅಡುಗೆಮನೆಯಿಂದ ಹಿತ್ತಲಿಗೆ ಹೋಗುವವಳ ಹಾಗೆ ಹೋದಳು. ಅರ್ಧ ದಾರಿಯಲ್ಲಿ, ಬಯಲಿನ ನಡುವೆ, ಎಡಕ್ಕೆ ತಿರುಗಿದಳು, ರಸ್ತೆಯಿಂದ ಬರುವವರಿಗೆ ಅದು ಬಲ. ನಾಲ್ಕು ಹೆಜ್ಜೆ ಬಳಸಿ ಮತ್ತೆ ಬಲಕ್ಕೆ ಬಂದು ನೇರವಾದಳು. ಅವಳಿಗೆ ಹಾಗೆ ತಿರುಗಿದ್ದೂ ಗೊತ್ತಾಗಿರಲಿಕ್ಕಿಲ್ಲ. ನಾನು ಒಂದು ಕ್ಷಣ ನಿಂತುಬಿಟ್ಟೆ. ರಸ್ತೆಯ ಕಡೆಯ ಬೇಲಿ ಗಟ್ಟಿಯಾಗಿತ್ತು. ಅದನ್ನು ಕೋಲಿನಿಂದ ಮುಟ್ಟಿ, ಇಲ್ಲಿಗೆ ಎಂದಳು. ಅದೇ ಹೆಜ್ಜೆಯಲ್ಲಿ ವಾಪಸ್ಸು ಬಂದೆವು. ಅವಳು ಗಡಿಯಾರ ಬಿಚ್ಚಿ ನನ್ನ ಕೈಗಿಟ್ಟಳು.

ಮನೆಯ ಒಳಗೆ ಹೋಗಿ ಒಂದು ಕಾಗದ ತಂದಳು. ಮಡಿಕೆಗಳಲ್ಲಿ ಹರಿದು, ಕಾರ್ಬನ್ ಮಸಿ ಮಾಸಿದ್ದ ಕಾಗದ. ನನ್ನ ಕೈಬರಹ, ನನ್ನ ಸಹಿ, ಕೆಳಗೆ ಅವಳ ಹೆಬ್ಬೆಟ್ಟು.

"ಅದು ಬರ್ಕಂತು. ಈಗ ನೀನು ಬರಿ."

ನಿವೃತ್ತನಾದವನು ಸರ್ಕಾರಿ ಸ್ಕೆಚ್ಚಿನ ಮೇಲೆ ಕೈಯಾಡಿಸುವುದು ಅಪರಾಧ. ಬರೆದರೆ ಮೂರು ಕಾಸಿನ ಬೆಲೆಯೂ ಇಲ್ಲ, ಯಾವ ಬೇಲಿಯೂ ಸರಿಯುವುದಿಲ್ಲ. ಇದು ಇಬ್ಬರಿಗೂ ಗೊತ್ತಿತ್ತು. ಹಾಲಿನ ಲೆಕ್ಕಕ್ಕೆಂದು ಕ್ಯಾಲೆಂಡರಿಗೆ ಕಟ್ಟಿದ್ದ ಪೆನ್ಸಿಲು ಬಿಚ್ಚಿಕೊಂಡು, ಜಗಲಿಯ ಮೇಲೆ ಕಾಗದ ಹರಡಿ, ರಸ್ತೆಯಿಂದ ಮನೆಯವರೆಗೆ ಚುಕ್ಕಿ ಇಡುತ್ತ ಬಂದೆ. ಗೆರೆ ಸೊಟ್ಟಗಾಗಲಿಲ್ಲ. ಕೆಳಗೆ ಸ್ಥಳದಲ್ಲಿ ಕಾಲುದಾರಿ ಇರುತ್ತದೆ ಎಂದು ಬರೆದೆ. ಅವಳ ಮುಂದೆ ಹಿಡಿದೆ.

ಅವಳು ಕಾಗದವನ್ನು ಬೆಳಕಿಗೆ ಹಿಡಿದು ಚುಕ್ಕಿಗಳ ಮೇಲೆ ಬೆರಳಾಡಿಸುತ್ತ ಬಂದಳು. ಅರ್ಧದಲ್ಲಿ ಬೆರಳು ನಿಂತಿತು.

"ಮರ ಎಲ್ಲಿ?"

"ಮರ ಈಗ ಇಲ್ವಲ್ಲ ಅಕ್ಕ" ಎಂದೆ.

ಬಾಯಿಂದ ಬಂದ ಮೇಲೆ ನನಗೇ ಕೇಳಿಸಿತು. ಹದಿನೇಳು ವರ್ಷದ ಹಿಂದೆ ಹೇಳಿದ್ದು ಇದೇ ಮಾತು, ಇದೇ ದನಿ. ಅವಳು ನನ್ನನ್ನೇ ನೋಡಿದಳು. ನನಗೆ ಅಳು ಬಂತು. ಅರವತ್ತು ದಾಟಿದ ಗಂಡಸು ಅಕ್ಕನ ಜಗಲಿಯ ಮೇಲೆ ಕೂತು ಅತ್ತೆ ಎಂದು ಬರೆಯಲು ಈಗ ನಾಚಿಕೆಯಿಲ್ಲ. ರಬ್ಬರು ಇರಲಿಲ್ಲ, ಬೆರಳಿಗೆ ಎಂಜಲು ಹಚ್ಚಿ ನಡುವಿನ ಚುಕ್ಕಿಗಳನ್ನು ಉಜ್ಜಿ ಅಳಿಸಿದೆ. ಬಲಕ್ಕೆ ಬಳಸಿ ಮತ್ತೆ ಚುಕ್ಕಿ ಇಟ್ಟೆ. ಬಳಸಿದ ಕಡೆ ಒಂದು ಸಣ್ಣ ಸುತ್ತು ಹಾಕಿ, ಹೊಂಗೆ ಎಂದು ಬರೆದೆ.

ಅಕ್ಕ ಕಾಗದವನ್ನು ಮಡಿಸಿ ಸೆರಗಿಗೆ ಕಟ್ಟಿಕೊಂಡಳು. "ಕೈ ತೊಳ್ಕ" ಎಂದು ಹೇಳಿ ಒಳಗೆ ಹೋದಳು.

ಮುದ್ದೆ, ಅವರೆಕಾಳಿನ ಸಾರು. ಉಣ್ಣುವಾಗ ಒಂದು ಸಲ, ನೀನು ಸಕ್ಕರೆ ಕಾಯಿಲೆಯವನಂತಲ್ಲ, ಮುದ್ದೆ ಇನ್ನೊಂದು ಹಾಕಲಾ ಎಂದಳು. ಹೊರಡುವಾಗ ಮೂರು ಗಂಟೆಗೆ ಬಸ್ಸಿದೆ ಎಂದಳು, ಮತ್ತೆ ಬಾ ಎನ್ನಲಿಲ್ಲ. ಬೇಡ ಎಂದೂ ಅನ್ನಲಿಲ್ಲ. ಮಧ್ಯೆ ಕಳೆದ ವರ್ಷಗಳೆಲ್ಲ ಒಂದು ಊಟದಲ್ಲಿ ತುಂಬಿಬಿಡುತ್ತವೆ ಎಂದು ನಾನು ಎಣಿಸಿರಲೂ ಇಲ್ಲ. ಏರಿಯ ಮೇಲೆ ಬಳಸಿಕೊಂಡೇ ಹೋಗಿ ಬಸ್ಸು ಹಿಡಿದೆ. ಸಂಜೆ ಹಾಸನದ ಕೋಣೆಯ ಬೀಗ ತೆಗೆದಾಗ ಎಂದಿನ ಹಾಗೆಯೇ ಯಾರೂ ಇರಲಿಲ್ಲ.

ಭಾನುವಾರ ಸೊಸೆ ಗಡಿಯಾರವನ್ನು ಕಂಪ್ಯೂಟರಿಗೆ ಸಿಕ್ಕಿಸಿದಳು. ಖಾಲಿ ನಕ್ಷೆಯ ಮೇಲೆ ನಾಲೆಯ ಉದ್ದಕ್ಕೂ ಒಂದು ದೊಡ್ಡ ಸುತ್ತು ಬಂತು. ಅವಳು ನನ್ನ ಭುಜ ಮುಟ್ಟಿದಳು. ಆಮೇಲೆ ಅದರ ಪಕ್ಕದಲ್ಲಿ ಚಿಕ್ಕ ಗೆರೆಯೊಂದು ಬಂತು, ಬಹಳ ನಿಧಾನವಾಗಿ ನಡೆದ ಗೆರೆ. ಮಾವ ಇಷ್ಟು ಮೆಲ್ಲಗೆ ನಡೆಯುವವನಲ್ಲವಲ್ಲ ಎಂದುಕೊಳ್ಳುತ್ತ ಅದನ್ನು ದೊಡ್ಡದು ಮಾಡಿದಳು. ಹೊಲ ಹರಿದು ನೇರ ಹೋಗುತ್ತಿದ್ದ ಗೆರೆ ನಡುವೆ ಪಕ್ಕಕ್ಕೆ ಒಮ್ಮೆ ಉಬ್ಬಿ ಮತ್ತೆ ನೇರವಾಗಿತ್ತು. ವಾಪಸ್ಸು ಬಂದ ಗೆರೆಯೂ ಅಲ್ಲೇ ಉಬ್ಬಿತ್ತು. ಇಲ್ಲಿ ಉಪಗ್ರಹ ತಪ್ಪಿದೆ, ಖಾಲಿ ಹೊಲದಲ್ಲಿ ಯಾರು ಹೀಗೆ ಬಳಸಿಕೊಂಡು ಹೋಗುತ್ತಾರೆ, ಬೇಕಾದರೆ ಸರಿ ಮಾಡಬಹುದು ಎಂದಳು. ಅವಳ ಕೈ ಆಗಲೇ ಮೌಸಿನ ಮೇಲಿತ್ತು.

"ಮುಟ್ಬ್ಯಾಡ" ಎಂದೆ. "ತಪ್ಪಲ್ಲ ಅದು. ಅಲ್ಲೊಂದು ಹೊಂಗೆ ಮರ ಐತೆ."